ಬೇತಾಳ ಕೇಳಿದ್ದು, ಕಂಪ್ಯೂಟರ್ ಕೇಳುವುದು

ಭೂಮಿಯ ಕಥೆ ಮುಗಿದಿದೆ. ಉಳಿದಿರುವುದು ಒಂದು ಆಕಾಶನೌಕೆ, ಅದರೊಳಗೆ ಗಾಢನಿದ್ರೆಯಲ್ಲಿ ಮಲಗಿಸಿರುವ ಒಂದು ಸಾವಿರ ಜನ, ಅವರನ್ನು ಕಾಯುವ ಒಂದು ಕಂಪ್ಯೂಟರ್. ಆ ಕಂಪ್ಯೂಟರ್ ಬೇರೆ ಯಾರೂ ಅಲ್ಲ, ನೀವೇ. ನೌಕೆ ಒಂದು ಗ್ರಹದ ಹತ್ತಿರ ಬಂದಿದೆ. ಗಾಳಿ ಪರವಾಗಿಲ್ಲ, ನೀರಿದೆ, ಗುರುತ್ವ ಮಾತ್ರ ಜಾಸ್ತಿ. ಇಲ್ಲೇ ಇಳಿಸುತ್ತೀರೋ, ಇನ್ನೂ ಒಳ್ಳೆಯದು ಸಿಕ್ಕೀತೆಂದು ಮುಂದೆ ಹೋಗುತ್ತೀರೋ? ಮುಂದೆ ಹೋದರೆ ದಾರಿಯಲ್ಲಿ ಏನಾದರೂ ಬಂದು ಬಡಿಯಬಹುದು. ಮಲಗಿದವರಲ್ಲಿ ಕೆಲವರು ಅಲ್ಲೇ ಸಾಯಬಹುದು. ಗ್ರಹವನ್ನು ಅಳೆಯುವ ಉಪಕರಣ ಕೆಡಬಹುದು, ಇಲ್ಲವೇ ಮನುಷ್ಯರ ಕಲೆ, ಸಾಹಿತ್ಯವನ್ನೆಲ್ಲ ತುಂಬಿಟ್ಟ ಕಡತ ಅರ್ಧ ಅಳಿಸಿಹೋಗಬಹುದು.

ಬ್ರಿಟಿಷ್ ವೈಜ್ಞಾನಿಕ ಕಥೆಗಾರ ಜಾನ್ ಐಲಿಫ್ 2017ರಲ್ಲಿ ಹೊರತಂದ ‘ಸೀಡ್‌ಶಿಪ್’ ಎಂಬ ಆಟ ಇದು. ಅಬ್ಬರದ ಚಿತ್ರಗಳಿಲ್ಲ, ಬಂದೂಕಿಲ್ಲ, ಓಟವಿಲ್ಲ. ನಾಲ್ಕು ಸಾಲು ಬರಹ, ಅದರ ಕೆಳಗೆ ಎರಡೋ ಮೂರೋ ಆಯ್ಕೆ, ಅಷ್ಟೇ. ಹತ್ತು ನಿಮಿಷಕ್ಕೆ ಒಂದು ಆಟ ಮುಗಿಯುತ್ತದೆ. ಕೊಯಮತ್ತೂರಿನ ಗಾಂಧಿಪುರಂನಲ್ಲಿ ತಿರುಪ್ಪೂರಿನ ಬಸ್ಸು ಹತ್ತಿದವರು ಅವಿನಾಶಿ ರಸ್ತೆಯ ಸಿಗ್ನಲ್‌ಗಳನ್ನು ದಾಟುವಷ್ಟರಲ್ಲಿ ಒಂದೆರಡು ನಾಗರಿಕತೆಗಳನ್ನು ನೆಟ್ಟು, ಇನ್ನೊಂದನ್ನು ಕೊಂದು ಮುಗಿಸಿರಬಹುದು.

ಇದನ್ನು ಆಡಿದವರು ದೂರುವುದು ಅದೃಷ್ಟವನ್ನು. ಎಷ್ಟೇ ಯೋಚಿಸಿ ಆರಿಸಿದರೂ ಕೊನೆಗೆ ದಾಳ ಬಿದ್ದಂತೆ ಆಗುತ್ತದಲ್ಲ ಎನ್ನುತ್ತಾರೆ. ಹಾಗೆ ಬೈದವರೇ ಮರುಕ್ಷಣ ಇನ್ನೊಂದು ನೌಕೆಯನ್ನು ಹೊರಡಿಸುತ್ತಾರೆ. ಅವರನ್ನು ಹಿಡಿದಿಡುವುದು ಕೊನೆಗೆ ಬರುವ ಪುಟ್ಟ ವರದಿ. ಇಳಿದ ಜನ ಎಂಥ ಸಮಾಜ ಕಟ್ಟಿದರು, ಯಂತ್ರವಿದ್ಯೆಯನ್ನು ಎಷ್ಟು ಉಳಿಸಿಕೊಂಡರು, ಅಲ್ಲಿ ಮೊದಲೇ ಇದ್ದ ಜೀವಿಗಳ ಜೊತೆ ಹೇಗೆ ಬಾಳಿದರು ಎಂದು ಅದು ಹೇಳುತ್ತದೆ. ಹಾದಿಯಲ್ಲಿ ಸಂಸ್ಕೃತಿಯ ಕಡತವನ್ನು ಬಲಿಕೊಟ್ಟು ಉಪಕರಣ ಉಳಿಸಿಕೊಂಡಿದ್ದರೆ ಅದರ ಫಲ ಈ ವರದಿಯಲ್ಲಿ ಕಾಣುತ್ತದೆ. ಆಗ ಜಾಣತನ ಅನ್ನಿಸಿದ್ದು ಈಗ ಒಂದು ಕ್ರೂರ ಆಳ್ವಿಕೆಯಾಗಿ ಎದುರಿಗೆ ನಿಂತಿರುತ್ತದೆ.

ಓದಿ ಆಡುವ, ಆರಿಸುತ್ತ ಸಾಗುವ ಇಂಥ ವೈಜ್ಞಾನಿಕ ಕಥೆಗಳ ಬಗ್ಗೆ ಆಟಗಾರರು ಆಡುವ ಮಾತುಗಳನ್ನು ಗಮನಿಸಿದರೆ ಹೊಗಳಿಕೆಯೂ ತೆಗಳಿಕೆಯೂ ಸುತ್ತಿ ಬಳಸಿ ಒಂದೇ ಜಾಗಕ್ಕೆ ಬರುತ್ತವೆ. ರೋಬೋಟು ಹೇಗಿತ್ತು, ಅನ್ಯಗ್ರಹ ಎಷ್ಟು ವಿಚಿತ್ರವಾಗಿತ್ತು ಎಂಬುದೆಲ್ಲ ಆಮೇಲಿನ ಮಾತು. ನಾನು ಆಗ ಮಾಡಿದ್ದು ಆಟಕ್ಕೆ ಈಗ ನೆನಪಿದೆಯೇ, ಅದಕ್ಕೆ ನಾನು ಏನಾದರೂ ಬೆಲೆ ತೆತ್ತೆನೇ ಎಂಬುದೇ ಮೊದಲ ಪ್ರಶ್ನೆ. ಎಷ್ಟು ದಾರಿಗಳಿವೆ ಎಂಬ ಲೆಕ್ಕ ಜಾಹೀರಾತಿನವರಿಗೆ ಬೇಕು. ಆಡುವವರಿಗೆ ಬೇಕಾದದ್ದು ನೆನಪು ಎಂದು ನನ್ನ ಎಣಿಕೆ.

ಈ ಆಟಗಳ ಹುಟ್ಟಿನ ಹಿಂದೆ ಇಬ್ಬರು ಅಪ್ಪಂದಿರಿದ್ದಾರೆ. ಅಮೆರಿಕದ ವಿಲ್ ಕ್ರೌದರ್ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ಟಿಗೆ ಪ್ರೋಗ್ರಾಂ ಬರೆಯುತ್ತಿದ್ದವನು, ಬಿಡುವಿನಲ್ಲಿ ಕೆಂಟಕಿಯ ಗುಹೆಗಳಿಗೆ ಇಳಿಯುತ್ತಿದ್ದವನು. ವಿಚ್ಛೇದನವಾದ ಮೇಲೆ ದೂರವಾದ ಹೆಣ್ಣುಮಕ್ಕಳಿಗೆ ಖುಷಿಯಾಗಲೆಂದು 1975–76ರ ಸುಮಾರಿಗೆ ಆ ಗುಹೆಯನ್ನೇ ಅಕ್ಷರದಲ್ಲಿ ಕಟ್ಟಿದ. ‘ಉತ್ತರಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಮುಂದಿನದನ್ನು ಹೇಳುತ್ತಿತ್ತು. ಇನ್ನೊಬ್ಬ ಎಡ್ವರ್ಡ್ ಪ್ಯಾಕರ್ಡ್. ಮಲಗುವ ಹೊತ್ತಿಗೆ ಮಕ್ಕಳಿಗೆ ಕಥೆ ಹೇಳುತ್ತಿದ್ದವನು ಒಂದು ರಾತ್ರಿ ಮುಂದೇನು ಹೇಳಬೇಕೆಂದು ತೋಚದೆ, ನೀವೇ ಹೇಳಿ ಎಂದುಬಿಟ್ಟ. ಒಬ್ಬಳು ಒಂದು ದಾರಿ ಹೇಳಿದಳು, ಇನ್ನೊಬ್ಬಳು ಇನ್ನೊಂದು. ಓದುಗನೇ ಪುಟ ಆರಿಸಿಕೊಂಡು ಸಾಗುವ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆ ಬೆಳೆದದ್ದು ಅಲ್ಲಿಂದ. 1979ರಲ್ಲಿ ಆ ಮಾಲೆಯ ಮೊದಲ ಪುಸ್ತಕ ಬಂತು.

ಪ್ಯಾಕರ್ಡ್‌ನ ಕೀಟಲೆಯೊಂದನ್ನು ಇಲ್ಲಿ ಹೇಳಲೇಬೇಕು. 1982ರ ‘ಇನ್‌ಸೈಡ್ ಯುಎಫ್‌ಓ 54–40’ ಪುಸ್ತಕದಲ್ಲಿ ಅಲ್ಟಿಮಾ ಎಂಬ ಸ್ವರ್ಗದಂಥ ಗ್ರಹವಿದೆ. ಅದನ್ನು ವರ್ಣಿಸುವ ಪುಟವೂ ಪುಸ್ತಕದೊಳಗೇ ಇದೆ. ಆದರೆ ಯಾವ ಆಯ್ಕೆಯೂ ಆ ಪುಟಕ್ಕೆ ಕರೆದೊಯ್ಯುವುದಿಲ್ಲ. ನಿಯಮ ಮುರಿದು, ಸುಮ್ಮನೆ ಪುಟ ಮಗುಚಿದವರಿಗಷ್ಟೇ ಸ್ವರ್ಗ. ಮಕ್ಕಳ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನ ಬಂಡಾಯ ಕಲಿಸುವುದು ಕಷ್ಟ.

ಆಯ್ಕೆಗೆ ಬೆಲೆ ತೆರಿಸುವುದರಲ್ಲೂ ಅತಿರೇಕವಿದೆ. 1984ರಲ್ಲಿ ಡಗ್ಲಾಸ್ ಆಡಮ್ಸ್ ಮತ್ತು ಸ್ಟೀವ್ ಮೆರೆಟ್ಸ್ಕಿ ಸೇರಿ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯನ್ನು ಆಟವಾಗಿ ಬರೆದರು. ಶುರುವಿನಲ್ಲಿ ಹಳ್ಳಿಯ ಓಣಿಯಲ್ಲೊಂದು ನಾಯಿ ಎದುರಾಗುತ್ತದೆ. ಕೈಯಲ್ಲಿರುವ ಸ್ಯಾಂಡ್‌ವಿಚ್ಚನ್ನು ಅದಕ್ಕೆ ಹಾಕದೆ ಮುಂದೆ ಹೋದಿರೋ, ಗಂಟೆಗಟ್ಟಲೆ ಆಡಿದ ಮೇಲೆ ಅಂತರಿಕ್ಷದ ಪುಟಾಣಿ ಸೇನೆಯೊಂದು ಅದೇ ಹಸಿದ ನಾಯಿಯ ಬಾಯಿಗೆ ಬಿದ್ದು ನಿಮ್ಮ ಆಟ ಮುಗಿಯುತ್ತದೆ. ಹಿಂದಕ್ಕೆ ಹೋಗಿ ಸರಿಪಡಿಸುವಂತಿಲ್ಲ. ಆಟಕ್ಕೆ ನೆನಪೇನೋ ಇದೆ, ಸೇಡಿನ ನೆನಪು! ಆ ಕಾಲದವರು ಇದನ್ನು ಶಪಿಸುತ್ತಲೇ ಪ್ರೀತಿಸಿದರು. ಇವತ್ತು ಹಾಗೆ ಬರೆದರೆ ಮೊದಲ ದಿನವೇ ಒಂದು ಸ್ಟಾರ್ ಕೊಟ್ಟು ಕಳಿಸುತ್ತಾರೆ.

ಇದೆಲ್ಲ ಪರದೇಶದ ಮಾತಾಯಿತು. ನಮ್ಮಲ್ಲಿ ಇಂಥದ್ದನ್ನು ಒಂದು ತಲೆಮಾರು ಪೂರ್ತಿ ಓದಿ ಬೆಳೆದಿದೆ, ಅದರ ಚಿತ್ರ ಬಂದದ್ದು ತಿರುಪ್ಪೂರಿನ ಕಡೆಯ ಕೈಯಿಂದ. ಮಕ್ಕಳ ಪತ್ರಿಕೆ ‘ಚಂದಮಾಮ’ದ ಬೇತಾಳ ಕಥೆಗಳನ್ನು ಯಾರು ಮರೆತಾರು? ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಹಿಂದೆ ಸ್ಮಶಾನದ ಮರ. ಆ ರಾಜ ತ್ರಿವಿಕ್ರಮನನ್ನು ನಮ್ಮ ಕಣ್ಣಿನಲ್ಲಿ ಅಚ್ಚೊತ್ತಿದ ಕಲಾವಿದ ಶಂಕರ್ ಅವರ ಪೂರ್ಣ ಹೆಸರು ಕರತೊಳುವು ಚಂದ್ರಶೇಖರನ್ ಶಿವಶಂಕರನ್. ಹೆಸರಿನ ಮೊದಲಿಗಿರುವುದು ಊರು. ಕರತೊಳುವು ಈಗ ತಿರುಪ್ಪೂರು ಜಿಲ್ಲೆಯ ಮಡತುಕುಳಂ ಕಡೆಯ ಹಳ್ಳಿ. 1924ರಲ್ಲಿ ಹುಟ್ಟಿದ ಅವರು ಮದರಾಸಿನ ಕಲಾಶಾಲೆಯಲ್ಲಿ ಕಲಿತು, 1950ರ ದಶಕದ ಆರಂಭದಲ್ಲಿ ‘ಚಂದಮಾಮ’ ಸೇರಿ ಹಲವು ದಶಕ ಚಿತ್ರ ಬರೆದರು. 2020ರಲ್ಲಿ ತೀರಿಕೊಂಡ ಮೇಲೆ ಪದ್ಮಶ್ರೀ ಬಂತು. ಕನ್ನಡದ ಮಕ್ಕಳಿಗೆ ಅವರು ಯಾವ ಊರಿನವರೆಂದು ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಬೇತಾಳನ ಕಥೆಯ ಕಟ್ಟು ನೋಡಿ. ಹೆಣದೊಳಗಿನ ಬೇತಾಳ ಹೇಳುವ ಕಥೆಯ ತುದಿಯಲ್ಲೊಂದು ಧರ್ಮಸಂಕಟದ ಪ್ರಶ್ನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ; ಬಾಯಿಬಿಟ್ಟರೆ ಮೌನ ಮುರಿದು ಹೆಣ ಮರಕ್ಕೆ ಹಾರುತ್ತದೆ. ಪತ್ರಿಕೆ ಓದುತ್ತಿದ್ದ ಮಕ್ಕಳು ಆ ಪ್ರಶ್ನೆಯ ಹತ್ತಿರ ಒಂದು ಕ್ಷಣ ನಿಂತು, ತಮ್ಮ ಉತ್ತರವನ್ನು ಮನಸ್ಸಿನಲ್ಲಿ ಆರಿಸಿಕೊಂಡು, ಆಮೇಲೆ ರಾಜನ ಉತ್ತರಕ್ಕೆ ಹೋಗುತ್ತಿದ್ದರು. ಏನೇ ಹೇಳಿದರೂ ಕಥೆ ಮರಳುವುದು ಅದೇ ಮರಕ್ಕೆ. ಹಳೆಯ ಇಪ್ಪತ್ತೈದು ಕಥೆ ಮುಗಿದರೂ ‘ಚಂದಮಾಮ’ದವರು ಹೊಸ ಹೊಸ ಕಥೆ ಕಟ್ಟಿ ವರ್ಷಗಟ್ಟಲೆ ನಡೆಸಿದ್ದು ಈ ಕಟ್ಟಿನ ಬಲದಿಂದಲೇ. ಮರಳಿ ಅಲ್ಲಿಗೇ ಬಂದೆವಲ್ಲ ಎಂದು ಯಾರೂ ಮುನಿಸಿಕೊಳ್ಳಲಿಲ್ಲ. ಏಕೆಂದರೆ ಪ್ರತಿ ಉತ್ತರಕ್ಕೂ ಛಲ ಬಿಡದ ತ್ರಿವಿಕ್ರಮ ತೆತ್ತ ಬೆಲೆ ಕಣ್ಣೆದುರಿಗೇ ಇತ್ತು. ಆ ಹೆಣವನ್ನು ಮತ್ತೆ ಇಳಿಸಿ ಹೊರಬೇಕು.

ಇಂದಿನ ಆಟ ಬರೆಯುವವರೂ ಮರಳಿ ಮರಕ್ಕೇ ಬರುತ್ತಾರೆ. ಲೆಕ್ಕ ಅವರನ್ನು ಬೇರೆ ಕಡೆ ಹೋಗಗೊಡುವುದಿಲ್ಲ. ಪ್ರತಿ ಹೆಜ್ಜೆಗೂ ಎರಡೇ ದಾರಿ, ಎರಡೂ ಎಂದೂ ಕೂಡುವುದಿಲ್ಲ ಎಂದಿಟ್ಟುಕೊಳ್ಳಿ. ಹತ್ತು ಹೆಜ್ಜೆಗೆ 1,024 ಕೊನೆಗಳು. ಇಪ್ಪತ್ತು ಹೆಜ್ಜೆಗೆ ಹತ್ತು ಲಕ್ಷ ದಾಟುತ್ತದೆ. ಒಂದೊಂದು ಕೊನೆಗೂ ಒಂದು ಪುಟ ಬರೆಯುತ್ತೇನೆಂದು ಕೂತವರು ಏಳುವುದುಂಟೇ? ಹಾಗಾಗಿ ಕವಲೊಡೆದ ದಾರಿಗಳನ್ನು ಸ್ವಲ್ಪ ದೂರದಲ್ಲಿ ಮತ್ತೆ ಕೂಡಿಸುತ್ತಾರೆ. ಕೂಡಿಸುವ ಮೊದಲು ನೀವು ಯಾವ ದಾರಿಯಲ್ಲಿ ಬಂದಿರೆಂದು ಒಂದು ಅಂಕಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ: ಧೈರ್ಯಕ್ಕೆ ಐದು ಹೆಚ್ಚು, ಗೆಳೆಯನ ನಂಬಿಕೆಗೆ ಹತ್ತು ಕಡಿಮೆ. ಮುಂದೆಲ್ಲೋ ಆ ಅಂಕಿಯನ್ನು ತೆಗೆದು ನೋಡಿ ಮಾತು ಬದಲಿಸುತ್ತಾರೆ. ಆಟದ ನೆನಪು ಎಂದರೆ ತಾಂತ್ರಿಕವಾಗಿ ಇಷ್ಟೇ. ಅಂಕಿಯನ್ನು ಬರೆದಿಟ್ಟು ಎಂದೂ ತೆಗೆದು ನೋಡದಿದ್ದರೆ ಅದು ಹುಸಿ ಆಯ್ಕೆ. ಆಟಗಾರರು ಎರಡನೆಯ ಸಲ ಆಡುವಾಗ ಇದನ್ನು ಕಂಡುಹಿಡಿಯುತ್ತಾರೆ, ಕಂಡುಹಿಡಿದ ಮೇಲೆ ಕ್ಷಮಿಸುವುದಿಲ್ಲ.

2012ರಲ್ಲಿ ‘ಮಾಸ್ ಎಫೆಕ್ಟ್’ ಎಂಬ ಭಾರೀ ವೈಜ್ಞಾನಿಕ ಸರಣಿಯ ಮೂರನೆಯ ಕಂತು ಬಂದಾಗ ಆದದ್ದು ಇದೇ. ಅದು ಚಿತ್ರ, ಧ್ವನಿ ತುಂಬಿದ ಆಟವೇ ಹೊರತು ಬರಹದ ಆಟವಲ್ಲ. ಆದರೆ ಆಯ್ಕೆಯ ಬಗ್ಗೆ ಆಟಗಾರರ ಸಿಟ್ಟು ಅಷ್ಟು ಸ್ಪಷ್ಟವಾಗಿ ಹೊರಬಿದ್ದದ್ದು ಅಪರೂಪ. ಮೂರು ಕಂತುಗಳುದ್ದಕ್ಕೂ ಯಾರನ್ನು ಉಳಿಸಿದೆ, ಯಾರ ಜೊತೆ ಸಂಧಿ ಮಾಡಿಕೊಂಡೆ ಎಂದು ಎಣಿಸಿಟ್ಟುಕೊಂಡವರಿಗೆ ಕೊನೆಯಲ್ಲಿ ಸಿಕ್ಕಿದ್ದು ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಕೊನೆಗಳು. ಮೂರೂ ಹೆಚ್ಚುಕಡಿಮೆ ಒಂದೇ. ಅಭಿಮಾನಿಗಳು ದುಡ್ಡು ಕೂಡಿಸಿ ಆಟ ತಯಾರಿಸಿದ ಬಯೋವೇರ್ ಕಂಪನಿಗೆ ಸುಮಾರು 400 ಕಪ್‌ಕೇಕ್ ಕಳಿಸಿದರು. ಮೇಲಿನ ಕೆನೆ ಮೂರು ಬಣ್ಣದ್ದು, ಒಳಗಿನ ರುಚಿ ಎಲ್ಲಕ್ಕೂ ಒಂದೇ. ವಿಮರ್ಶೆ ಬರೆದು ಜೀವಿಸುವ ನಮ್ಮಂಥವರು ಹೊಟ್ಟೆಕಿಚ್ಚುಪಡಬೇಕಾದ ವಿಮರ್ಶೆ. ಕಂಪನಿ ಆ ವರ್ಷ ಜೂನ್‌ನಲ್ಲಿ ಕೊನೆಯನ್ನು ಹಿಗ್ಗಿಸಿ ಮತ್ತೆ ಕೊಟ್ಟಿತು.

ಬರಹದ ಆಟಗಳಿಗೆ ಬರೋಣ. ಕೊಯಮತ್ತೂರು, ತಿರುಪ್ಪೂರಿನ ಕಡೆಯವರು ಆಡಿ ನೋಡಲೇಬೇಕಾದದ್ದು ‘ಚಾಯ್ಸ್ ಆಫ್ ರೋಬೋಟ್ಸ್’. ಚಾಯ್ಸ್ ಆಫ್ ಗೇಮ್ಸ್ ಎಂಬ ಅಮೆರಿಕದ ಸಂಸ್ಥೆ 2014ರ ಕೊನೆಗೆ ಹೊರತಂದ ಇದರ ಲೇಖಕ ಕೆವಿನ್ ಗೋಲ್ಡ್, ಕೃತಕ ಬುದ್ಧಿಮತ್ತೆಯಲ್ಲೇ ಸಂಶೋಧನೆ ಮಾಡಿದವರು. ಒಟ್ಟು ಮೂರು ಲಕ್ಷ ಪದಗಳ ಬರಹ. ನೀವು ರೋಬೋಟ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿ. ಮೊದಲ ರೋಬೋಟನ್ನು ನೀವೇ ಕಟ್ಟುತ್ತೀರಿ: ಅದಕ್ಕೆ ಎಂಥ ಕೈ, ಎಂಥ ಕಣ್ಣು, ಅದನ್ನು ಮಗುವಿನಂತೆ ಬೆಳೆಸುತ್ತೀರೋ ಯಂತ್ರದಂತೆ ದುಡಿಸುತ್ತೀರೋ. ಅಲ್ಲಿಂದ ಮೂವತ್ತು ವರ್ಷದ ಬದುಕು. ಕಂಪನಿ ಕಟ್ಟುತ್ತೀರಿ, ರೋಬೋಟುಗಳನ್ನು ಸೈನ್ಯಕ್ಕೋ ಆಸ್ಪತ್ರೆಗೋ ಕಾರ್ಖಾನೆಗೋ ಮಾರುತ್ತೀರಿ, ನಡುವೆ ಅಮೆರಿಕ–ಚೀನಾ ಯುದ್ಧ ಬಂದೆರಗುತ್ತದೆ. ಸ್ವಾಯತ್ತತೆ, ಲಾಲಿತ್ಯ, ಅನುಕಂಪ, ಯುದ್ಧಶಕ್ತಿ ಎಂಬ ನಾಲ್ಕು ಅಂಕಿಗಳು ರೋಬೋಟಿನ ಸ್ವಭಾವವನ್ನು ಅಳೆಯುತ್ತವೆ. ಅದರ ಜೊತೆ ನಿಮ್ಮ ಮನುಷ್ಯತ್ವಕ್ಕೂ ಒಂದು ಅಂಕಿ ಇದೆ. ಅದು ಇಳಿಯುತ್ತ ಹೋಗುವುದು ನಿಮಗೆ ಕಾಣುತ್ತಲೇ ಇರುತ್ತದೆ.

ಇದನ್ನು ಮೆಚ್ಚುವವರು ಹೇಳುವುದು ಒಂದೇ ಕಾರಣ: ಮೊದಲ ಅಧ್ಯಾಯದಲ್ಲಿ ಕೊಟ್ಟ ಕೈಕಾಲು ಕೊನೆಯ ಅಧ್ಯಾಯದವರೆಗೂ ಜೊತೆಗೆ ಬರುತ್ತದೆ. ಒಬ್ಬರ ಆಟ ರೋಬೋಟುಗಳ ಬಂಡಾಯದಲ್ಲಿ ಮುಗಿದರೆ ಇನ್ನೊಬ್ಬರದು ತಾನು ಕಟ್ಟಿದ ಜೀವದ ಜೊತೆಗಿನ ಶಾಂತ ಮುಪ್ಪಿನಲ್ಲಿ ಮುಗಿಯುತ್ತದೆ. ಇಬ್ಬರೂ ಆಡಿದ್ದು ಒಂದೇ ಆಟವೇ ಎಂಬ ಅನುಮಾನ ಬರುತ್ತದೆ. ದೂರುಗಳೂ ಉಂಟು. ಚಿಕ್ಕದಾಯಿತು ಎಂಬುದು ಒಂದು. ಮೂರು ಲಕ್ಷ ಪದ ಚಿಕ್ಕದೇ ಎಂದು ಗಾಬರಿಯಾಗಬೇಡಿ, ಒಂದು ಸಲ ಆಡಿದಾಗ ಕಾಣುವುದು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಇನ್ನೊಂದು ದೂರು ಹೆಚ್ಚು ತೂಕದ್ದು, ಈ ಬಗೆಯ ಆಟಗಳಿಗೆಲ್ಲ ಅನ್ವಯಿಸುವಂಥದ್ದು. ಅಂಕಿ ಸಾಲದಿದ್ದರೆ ಒಳ್ಳೆಯ ದಾರಿ ತೆರೆಯುವುದಿಲ್ಲ ಎಂದು ಒಮ್ಮೆ ಗೊತ್ತಾದರೆ ಆಟಗಾರ ಮನಸ್ಸಿಗೆ ತೋಚಿದ್ದನ್ನು ಆರಿಸುವುದು ಬಿಟ್ಟು ಅಂಕಿ ಏರುವುದನ್ನೇ ಆರಿಸತೊಡಗುತ್ತಾನೆ. ಅನುಕಂಪದ ಅಂಕಿ ಕೂಡಿಡಲು ಅನುಕಂಪ ತೋರಿಸುವುದು! ಪರೀಕ್ಷೆಗೆ ಓದುವ ಮಕ್ಕಳನ್ನು ಕಂಡವರಿಗೆ ಇದು ಹೊಸದಲ್ಲ. ನನ್ನ ಮಟ್ಟಿಗೆ ಅಂಕಿಗಳನ್ನು ಪೂರ್ತಿ ಮರೆಮಾಡುವ ಆಟಗಳೇ ಮೇಲು, ಆದರೆ ಬಹಳ ಆಟಗಾರರು ಇದಕ್ಕೆ ಒಪ್ಪುವುದಿಲ್ಲ. ತಾನು ಸೋತದ್ದು ಏಕೆಂದು ಗೊತ್ತಾಗಬೇಕು ಎಂಬುದು ಅವರ ವಾದ. ಅದೂ ನ್ಯಾಯವೇ.

ಕಾರ್ಖಾನೆಗೆ ರೋಬೋಟು ಮಾರುವ ಕವಲಿಗೆ ಬಂದಾಗ ಬನಿಯನ್ ಹೊಲಿಯುವ ತಿರುಪ್ಪೂರನ್ನು ಬಲ್ಲವರು ಬೇರೆಯೇ ರೀತಿಯಲ್ಲಿ ಓದುತ್ತಾರೆ. ಬೋಸ್ಟನ್ನಿನ ಓದುಗನಿಗೆ ಅದು ಮುಂದಿನ ಕಾಲದ ಕಲ್ಪನೆ. ಬನಿಯನ್ ಕಂಪನಿಯ ಶಿಫ್ಟ್ ಲೆಕ್ಕದಲ್ಲಿ ಬಾಡಿಗೆ, ಫೀಸು ಕಟ್ಟುವವರಿಗೆ ಅದು ನಾಳೆಯ ಕೂಲಿಯ ಮಾತು. ಕಟಿಂಗಿಗೆ ಕಂಪ್ಯೂಟರ್ ಯಂತ್ರ ಬಂದು ಬಹಳ ಕಾಲವಾಯಿತು. ಹೊಲಿಗೆ ಮಾತ್ರ ಇನ್ನೂ ಮನುಷ್ಯರ ಕೈಯಲ್ಲೇ ಉಳಿದಿದೆ, ಅದಕ್ಕೆ ಕಾರಣ ಬಟ್ಟೆಯ ಸ್ವಭಾವ. ಉಕ್ಕಿನ ತುಂಡು ಎತ್ತಿದಲ್ಲಿ ಎತ್ತಿದ ಹಾಗೇ ಇರುತ್ತದೆ. ಹೆಣೆದ ಹತ್ತಿಬಟ್ಟೆ ಜೋಲುತ್ತದೆ, ಹಿಗ್ಗುತ್ತದೆ, ಅಂಚು ಸುರುಳಿ ಸುತ್ತುತ್ತದೆ. ಓವರ್‌ಲಾಕ್ ಯಂತ್ರದ ಮುಂದೆ ಕೂತವರ ಬೆರಳು ಕ್ಷಣಕ್ಷಣಕ್ಕೂ ಮಾಡುವ ಚಿಕ್ಕ ತಿದ್ದುಪಡಿಗಳನ್ನು ರೋಬೋಟಿಗೆ ಕಲಿಸುವುದು ಕಾರು ಬೆಸೆಯುವುದನ್ನು ಕಲಿಸಿದ್ದಕ್ಕಿಂತ ಕಷ್ಟವಾಗಿದೆ. ಅಮೆರಿಕದ ಅಟ್ಲಾಂಟಾದ ಕಂಪನಿಯೊಂದು ಟೀ ಶರ್ಟ್ ಹೊಲಿಯುವ ಯಂತ್ರದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಕೆವಿನ್ ಗೋಲ್ಡ್ ಅವರ ಕಥೆಯಲ್ಲಿ ರೋಬೋಟುಗಳು ಯುದ್ಧವನ್ನೇ ನಡೆಸುತ್ತವೆ. ಒಂದು ಬನಿಯನ್ನಿನ ತೋಳು ಜೋಡಿಸುವುದು ಅದಕ್ಕಿಂತ ಸುಲಭ ಎಂದುಕೊಳ್ಳುವವರು ತಿರುಪ್ಪೂರಿಗೆ ಒಮ್ಮೆ ಬಂದುಹೋಗಲಿ.

ಯಂತ್ರದ ಬಗ್ಗೆ ಈ ಸೀಮೆಗೆ ಭಯಕ್ಕಿಂತ ಸಲಿಗೆ ಹೆಚ್ಚು ಎಂಬುದೂ ನಿಜ. ಜಿ.ಡಿ. ನಾಯ್ಡು ಅವರಂಥವರು ಶಾಲೆ ಬಿಟ್ಟು, ಬಸ್ಸು ಓಡಿಸಿ, ಮೋಟಾರು ಬಿಚ್ಚಿ ಜೋಡಿಸಿ ಕಲಿತ ಊರು ಕೊಯಮತ್ತೂರು. 1937ರಲ್ಲಿ ನಾಯ್ಡು ಮತ್ತು ಬಾಲಸುಂದರಂ ಅವರ ಪ್ರಯತ್ನದಿಂದ ದೇಶದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರು ಹೊರಬಂದದ್ದೂ ಇಲ್ಲೇ. ಪಂಪು, ಗ್ರೈಂಡರು, ನೂಲುಯಂತ್ರ ಮಾಡುವ ಮಂದಿಗೆ ‘ರೋಬೋಟ್ ಮನುಷ್ಯನಾಗಬಲ್ಲುದೇ’ ಎಂಬ ಪ್ರಶ್ನೆಗಿಂತ ‘ಅದರ ಬಿಡಿಭಾಗ ಯಾರು ಮಾಡುತ್ತಾರೆ’ ಎಂಬ ಪ್ರಶ್ನೆಯೇ ಮೊದಲು ಹೊಳೆದರೆ ಆಶ್ಚರ್ಯವಿಲ್ಲ. ಅಂಥ ಆಯ್ಕೆಯನ್ನು ಯಾವ ಅಮೆರಿಕನ್ ಲೇಖಕನೂ ಪರದೆಯ ಮೇಲೆ ಇಟ್ಟದ್ದನ್ನು ನಾನು ಕಂಡಿಲ್ಲ.

ಈ ಸೀಮೆಗೆ ಇನ್ನೂ ಹತ್ತಿರ ಬರುವ ಹಳೆಯ ಆಟವೊಂದಿದೆ. ಹಿಚ್‌ಹೈಕರ್ ಬರೆದ ಅದೇ ಮೆರೆಟ್ಸ್ಕಿ 1985ರಲ್ಲಿ ‘ಎ ಮೈಂಡ್ ಫಾರೆವರ್ ವಾಯೇಜಿಂಗ್’ ಬರೆದರು. ಇಲ್ಲಿ ನೀವು ಪ್ರಿಸಂ ಎಂಬ ಯೋಚಿಸುವ ಕಂಪ್ಯೂಟರ್. ಕಾಲ 2031. ರಾಜಕಾರಣಿಯೊಬ್ಬ ದೇಶವನ್ನು ಉದ್ಧರಿಸುವ ಯೋಜನೆ ತಂದಿದ್ದಾನೆ. ಅದು ಜಾರಿಯಾದರೆ ಏನಾಗುತ್ತದೆಂದು ನೋಡಲು ರಾಕ್‌ವಿಲ್ ಎಂಬ ಊರಿನ ಪ್ರತಿರೂಪದೊಳಗೆ ನಿಮ್ಮನ್ನು ಕಳಿಸುತ್ತಾರೆ. 2041ರಲ್ಲಿ ಓಡಾಡುತ್ತೀರಿ, ಎಲ್ಲ ಚೆನ್ನಾಗಿದೆ. 2051ರಲ್ಲಿ ಅದೇ ಬೀದಿಗೆ ಬಂದರೆ ಏನೋ ಸರಿಯಿಲ್ಲ. 2061, 2071, 2081. ಅದೇ ಮನೆ, ಅದೇ ಚೌಕ, ಪ್ರತಿ ಸಲವೂ ಇನ್ನಷ್ಟು ಹದಗೆಟ್ಟು. ಬಿಡಿಸಬೇಕಾದ ಒಗಟು ಬಹಳ ಕಡಿಮೆ. ನೋಡಿ ದಾಖಲಿಸುವುದೇ ಕೆಲಸ. ಒಗಟಿನ ಆಸೆಗೆ ಕೊಂಡವರು ಇದೇನು ಆಟವೇ ಎಂದರು. ಉಳಿದವರು ಇಂದಿಗೂ ಇದನ್ನು ಹೊರತಂದ ಕಂಪನಿಯ ಶ್ರೇಷ್ಠ ಕೃತಿಗಳಲ್ಲಿ ಎಣಿಸುತ್ತಾರೆ. ಮಾರಾಟ ಸಾಧಾರಣವಾಗಿತ್ತು.

ಅದೇ ಉಪಾಯವನ್ನು ನೊಯ್ಯಲ್ ನದಿಗೆ ಹಚ್ಚಿ ನೋಡಿ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನದಿ. ಒಂದು ನಿಲ್ದಾಣ 1980ರ ದಶಕ: ರಫ್ತು ಏರುತ್ತಿದೆ, ಡೈಯಿಂಗ್ ಘಟಕಗಳು ಒಂದೊಂದಾಗಿ ಬರುತ್ತಿವೆ, ಒಂದು ತೊಟ್ಟಿಯ ಬಣ್ಣದ ನೀರು ಹೊಳೆಗೆ ಬಿಟ್ಟರೆ ಏನು ಮಹಾ? ಮುಂದಿನ ನಿಲ್ದಾಣ 1992: ಕೆಳಗೆ ಒರತ್ತುಪಾಳಯಂನಲ್ಲಿ ನೀರಾವರಿಗೆಂದು ಅಣೆಕಟ್ಟು ಕಟ್ಟಲಾಗಿದೆ. ಕೆಲವೇ ವರ್ಷದಲ್ಲಿ ಅದರಲ್ಲಿ ನಿಂತದ್ದು ಉಪ್ಪು, ಬಣ್ಣದ ನೀರು. ಆ ನೀರು ಬಿಡಬೇಡಿ ಎಂದು ರೈತರೇ ಕೇಳುವಂತಾಯಿತು. ಆಮೇಲೆ 2011ರ ಜನವರಿ: ಮದರಾಸು ಹೈಕೋರ್ಟ್ ಆದೇಶದಿಂದ ತಿರುಪ್ಪೂರಿನ ನೂರಾರು ಡೈಯಿಂಗ್, ಬ್ಲೀಚಿಂಗ್ ಘಟಕಗಳು ಬಾಗಿಲು ಹಾಕಿವೆ, ಕೂಲಿಯವರು ಊರು ಬಿಡುತ್ತಿದ್ದಾರೆ. ಆಮೇ‌ಲೆ ಒಂದು ತೊಟ್ಟೂ ಹೊರಬಿಡದ ಶುದ್ಧೀಕರಣ ಘಟಕಗಳ ಷರತ್ತಿನ ಮೇಲೆ ಕೆಲಸ ಮತ್ತೆ ಶುರುವಾಯಿತು. ಎಲ್ಲೂ ದೊಡ್ಡ ಖಳನಾಯಕನಿಲ್ಲ. ಪ್ರತಿ ಪುಟದಲ್ಲೂ ಸಣ್ಣ, ಸಮಂಜಸವಾಗಿ ಕಾಣುವ ಆಯ್ಕೆಗಳು. ಲೆಕ್ಕ ಮಾತ್ರ ಇಪ್ಪತ್ತು ವರ್ಷದ ಮೇಲೆ ಕೈಗೆ ಬರುತ್ತದೆ. ಚಿತ್ರದಬ್ಬರದ ಆಟಕ್ಕೆ ಈ ನಿಧಾನ ದಕ್ಕುವುದಿಲ್ಲ. ಬರಹದ ಆಟ ‘ಹತ್ತು ವರ್ಷ ಕಳೆಯಿತು’ ಎಂಬ ಒಂದೇ ಸಾಲಿನಲ್ಲಿ ಅದನ್ನು ದಾಟಿಸಬಲ್ಲುದು.

ಕಾಲವನ್ನು ಇನ್ನೊಂದು ರೀತಿಯಲ್ಲಿ ಬಳಸಿದ್ದು 2015ರ ‘ಲೈಫ್‌ಲೈನ್’. ಲೇಖಕ ಡೇವ್ ಜಸ್ಟಸ್. ದೂರದ ಚಂದ್ರವೊಂದರ ಮೇಲೆ ನೌಕೆ ಬಿದ್ದು ಒಂಟಿಯಾಗಿ ಉಳಿದ ಟೇಲರ್ ಎಂಬ ವಿದ್ಯಾರ್ಥಿ ನಿಮ್ಮ ಫೋನಿಗೆ ಸಂದೇಶ ಕಳಿಸುತ್ತಾನೆ ಅಥವಾ ಕಳಿಸುತ್ತಾಳೆ. ಯಾರೆಂದು ಲೇಖಕರು ಬೇಕೆಂದೇ ಹೇಳಿಲ್ಲ. ಗುಡ್ಡ ಹತ್ತಿ ಬರುತ್ತೇನೆ, ಒಂದು ಗಂಟೆ ಬೇಕು ಎಂದರೆ ನಿಜವಾಗಿಯೂ ಒಂದು ಗಂಟೆ ಸದ್ದಿಲ್ಲ. ಆ ಮೌನವೇ ಆಟಗಾರರಿಗೆ ಹೆಚ್ಚು ನಾಟಿತು. ಕೆಲಸದ ನಡುವೆ ಫೋನ್ ಮಿಡಿದಾಗ ಎದೆಯೂ ಮಿಡಿಯಿತು ಎಂದರು. ಒಂದೆಡೆ ಟೇಲರ್ ಕೇಳುವ ಪ್ರಶ್ನೆ: ಚಳಿ ತಡೆಯಲಾಗುತ್ತಿಲ್ಲ, ರಿಯಾಕ್ಟರಿನ ಪಕ್ಕ ಮಲಗಿದರೆ 150 ರ್‍ಯಾಡ್ ವಿಕಿರಣ ತಗಲುತ್ತದೆ, ಬದುಕುತ್ತೇನೆಯೇ? ಆಟ ಉತ್ತರ ಹೇಳಿಕೊಡುವುದಿಲ್ಲ. ಎಷ್ಟೋ ಜನ ಆಟ ಬಿಟ್ಟು ಇಂಟರ್ನೆಟ್ಟಿನಲ್ಲಿ ವಿಕಿರಣದ ಲೆಕ್ಕ ಹುಡುಕಿ ಬಂದು ಉತ್ತರಿಸಿದರು. ವಿಜ್ಞಾನದ ಪಾಠ ಇಷ್ಟು ಕಾಳಜಿಯಿಂದ ಓದಿಸಿಕೊಂಡದ್ದು ಕಡಿಮೆ. ಕನ್ನಡಕ್ಕೆ ಈ ಆಟ ಸಲೀಸಾಗಿ ಬರುತ್ತದೆ: ‘ನಾನು ಹತ್ತಿದೆ, ಬಿದ್ದೆ’ ಎನ್ನುವಾಗ ನಮ್ಮ ಕ್ರಿಯಾಪದ ಗಂಡೋ ಹೆಣ್ಣೋ ಬಿಟ್ಟುಕೊಡುವುದಿಲ್ಲ. ತೊಡಕು ಬೇರೆ ಕಡೆ ಇದೆ. ಆಟಗಾರ ಬರೆದ ಹೆಸರನ್ನು ಕಥೆಯೊಳಗೆ ಸೇರಿಸುವಾಗ ಇಂಗ್ಲಿಷಿನಲ್ಲಿ ಹಾಗೇ ಅಂಟಿಸಿದರೆ ಸಾಕು. ನಮ್ಮಲ್ಲಿ ರಾಮನಿಗೆ, ಸೀತೆಗೆ, ಮಂಜುವಿಗೆ ಎಂದು ಪ್ರತ್ಯಯ ಬದಲಾಗುತ್ತದೆ, ಪ್ರೋಗ್ರಾಂ ಅದನ್ನೂ ಕಲಿಯಬೇಕು.

2019ರ ಕೊನೆಗೆ ‘ಎಐ ಡಂಜನ್’ ಬಂದಾಗ ಕವಲಿನ ಲೆಕ್ಕವೇ ಮುಗಿಯಿತೆಂದು ಕೆಲವರು ಅಂದುಕೊಂಡರು. ಅಮೆರಿಕದ ಯೂಟಾದ ವಿದ್ಯಾರ್ಥಿ ನಿಕ್ ವಾಲ್ಟನ್ ಮಾಡಿದ ಇದರಲ್ಲಿ ಆಯ್ಕೆಯ ಪಟ್ಟಿಯೇ ಇಲ್ಲ. ಏನು ಬೇಕಾದರೂ ಬರೆಯಿರಿ, ಕಂಪ್ಯೂಟರ್ ಅಲ್ಲಿಂದಲೇ ಕಥೆ ಹೆಣೆಯುತ್ತದೆ. ದಾರಿಗಳು ಲೆಕ್ಕವಿಲ್ಲದಷ್ಟು. ಮೊದಲ ಬೆರಗು ಇಳಿದ ಮೇಲೆ ಬಂದ ದೂರು: ಎರಡು ಪುಟದ ಹಿಂದೆ ಸತ್ತವನು ಎದ್ದು ಬಂದು ಮಾತಾಡುತ್ತಾನೆ, ಕೈಲಿದ್ದ ಕತ್ತಿ ಮಾಯವಾಗುತ್ತದೆ. ಏನು ಮಾಡಿದರೂ ನಡೆಯುತ್ತದೆ ಎಂದರೆ ಏನು ಮಾಡಿದರೂ ವ್ಯತ್ಯಾಸವಿಲ್ಲ ಎಂದೇ ಆಯಿತು. ಹೊಸ ಎಐ ಮಾದರಿಗಳ ನೆನಪು ಎಷ್ಟೋ ಸುಧಾರಿಸಿದೆ. ಬೆಲೆ ತೆರಿಸುವ ಮನಸ್ಸು ಮಾತ್ರ ಅವಕ್ಕಿನ್ನೂ ಬಂದಿಲ್ಲ. ಆಟಗಾರ ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಕಥೆಗಾರ ಬೇಗ ಬೇಸರ ತರಿಸುತ್ತಾನೆ.

ಕನ್ನಡದಲ್ಲಿ ಇಂಥದ್ದನ್ನು ಬರೆಯುವುದಕ್ಕೆ ಸಲಕರಣೆಯ ಕೊರತೆಯಿಲ್ಲ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಡುಗಡೆ ಮಾಡಿದ ‘ಟ್ವೈನ್’ ಉಚಿತ. ಪ್ರೋಗ್ರಾಂ ಗೊತ್ತಿಲ್ಲದವರೂ ಪುಟಗಳನ್ನು ಎಳೆದು ಜೋಡಿಸಬಹುದು, ಕನ್ನಡ ಲಿಪಿ ತೊಂದರೆಯಿಲ್ಲದೆ ಮೂಡುತ್ತದೆ, ತಯಾರಾದ ಆಟ ಯಾವ ಫೋನಿನ ಬ್ರೌಸರಿನಲ್ಲೂ ತೆರೆಯುತ್ತದೆ. ತೊಡಕಿರುವುದು ಓದುವವರ ಕಡೆ, ಅದರಲ್ಲೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ. 1799ರವರೆಗೆ ಮೈಸೂರಿನ ಆಳ್ವಿಕೆಗೆ ಸೇರಿದ್ದ ಸೀಮೆ ಇದು; ನಮ್ಮ ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಚೌಡೇಶ್ವರಿಯ ಒಕ್ಕಲಾದ ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ಇಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತ ಬಂದಿದ್ದಾರೆ. ಶಾಲೆ, ಕಚೇರಿ, ಮದುವೆಯ ಕರೆಯೋಲೆ ಎಲ್ಲ ತಮಿಳಿನಲ್ಲಿ. ಮಾತು ಉಂಟು, ಲಿಪಿ ಇಲ್ಲ. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸಿ ‘ಆರಿಸಿಕೊಳ್ಳಿ’ ಎಂದರೆ ಅವರಲ್ಲಿ ಬಹಳ ಜನಕ್ಕೆ ಬಾಗಿಲು ಅಲ್ಲೇ ಮುಚ್ಚಿತು.

ಕಿವಿಗೆ ಹೇಳಿದರೆ? ಒಂದು ಒತ್ತಿ, ಎರಡು ಒತ್ತಿ ಎಂಬ ಫೋನ್ ದನಿಗೆ ಗ್ಯಾಸ್ ಬುಕ್ ಮಾಡುವ ಎಲ್ಲರೂ ಪಳಗಿದ್ದಾರೆ. ಲಾಹೋರಿನಲ್ಲಿ 2012ರಲ್ಲಿ ಸಂಶೋಧಕರು ‘ಪಾಲಿ’ ಎಂಬ ಫೋನ್ ಆಟ ಬಿಟ್ಟಿದ್ದರು. ದನಿ ಮುದ್ರಿಸಿ, ಅದನ್ನು ತಮಾಷೆಯಾಗಿ ತಿರುಚಿ ಗೆಳೆಯರಿಗೆ ಕಳಿಸುವುದು, ಅಷ್ಟೇ. ಓದುಬರಹ ಹೆಚ್ಚು ಬಾರದ ಕೆಲವೇ ಜನರಿಂದ ಶುರುವಾಗಿ ಬಾಯಿಂದ ಬಾಯಿಗೆ ಹರಡಿ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಮುಟ್ಟಿತು. ಅದೇ ದಾರಿಯಲ್ಲಿ ಹತ್ತು ನಿಮಿಷದ ಆಕಾಶನೌಕೆಯ ಕಥೆಯನ್ನು ನಾಲ್ಕು ಕವಲು ಮಾಡಿ, ನಡುವೆ ಗುರುತಿನ ಅಂಕಿಯಿಟ್ಟು, ಸಾಮಾನ್ಯ ಫೋನಿಗೇ ಕೊಡಬಹುದು. ಖರ್ಚು ಕರೆಯ ದುಡ್ಡು. ಮಿಸ್ಡ್ ಕಾಲ್ ಕೊಟ್ಟವರಿಗೆ ತಿರುಗಿ ಕರೆ ಮಾಡಿ, ಆಟ ನಡೆಸುವವರೇ ಅದನ್ನು ಭರಿಸಿದರೆ ಆಯಿತು. ದನಿ ಮಾತ್ರ ಅಲ್ಲಿಯವರದೇ ಆಗಬೇಕು. ಬೆಂಗಳೂರಿನ ವಾರ್ತೆಯ ಕನ್ನಡದಲ್ಲಿ ಗ್ರಹಗಳ ವಿವರ ಶುರುಮಾಡಿದರೆ ಸಿರುಮುಗೈನ ಮಗ್ಗದ ಮನೆಯ ಅಜ್ಜಿ ಒಂದನ್ನೂ ಒತ್ತುವುದಿಲ್ಲ, ಎರಡನ್ನೂ ಒತ್ತುವುದಿಲ್ಲ, ಬ್ಯಾಂಕಿನವರೆಂದುಕೊಂಡು ಫೋನ್ ಕತ್ತರಿಸುತ್ತಾರೆ.